ಬೆಳಿಗ್ಗೆ ಹಗುರ, ಸಂಜೆಗೆ ಭಾರ

ಹಳೆಯ ಕ್ಯಾಸೆಟ್ಟುಗಳಲ್ಲಿ ಉಳಿದಿರುವ ತಾಳಮದ್ದಲೆ, ಹರಿಕಥೆಗಳನ್ನು ಕಂಪ್ಯೂಟರಿಗೆ ಇಳಿಸುವ ಹವ್ಯಾಸಿಗಳು ಕರಾವಳಿ, ಮಲೆನಾಡಿನಲ್ಲಿ ಅಲ್ಲಲ್ಲಿ ಇದ್ದಾರೆ. ಯಾರೂ ಹೇಳಿ ಮಾಡಿಸುವ ಕೆಲಸವಲ್ಲ, ಸಂಬಳದ್ದಂತೂ ಅಲ್ಲವೇ ಅಲ್ಲ. ಟೇಪ್ ರೆಕಾರ್ಡರಿನಿಂದ ಲ್ಯಾಪ್‌ಟಾಪಿಗೆ ಒಂದು ತಂತಿ, ಪರದೆಯ ಮೇಲೆ ಆಡಾಸಿಟಿ ಎಂಬ ಧ್ವನಿ ತಿದ್ದುವ ತಂತ್ರಾಂಶ, ಅಷ್ಟೇ ಸಲಕರಣೆ. ಇಂಥವರ ಬಾಯಲ್ಲಿ ಒಂದು ದೂರು ಮತ್ತೆ ಮತ್ತೆ ಬರುತ್ತದೆ: "ಶುರುವಿಗೆ ಚೆನ್ನಾಗಿಯೇ ಇರುತ್ತದೆ ಮಾರಾಯ್ರೆ, ಮೂರ್ನಾಲ್ಕು ಗಂಟೆ ಆಗುವಾಗ ಕಂಪ್ಯೂಟರೇ ಅಲುಗಾಡುವುದಿಲ್ಲ." ದಿನವಿಡೀ ಹಾಡು ಹಾಕಿಟ್ಟುಕೊಂಡು ಕೆಲಸ ಮಾಡುವವರದೂ, ಉಚಿತ ತಂತ್ರಾಂಶದಲ್ಲಿ ಹಾಡು ಕಟ್ಟುವ ಹುಡುಗರದೂ ಇದೇ ಅಳಲು. ಬೆಳಿಗ್ಗೆ ಇನ್ನೂರು ಮುನ್ನೂರು ಎಂಬಿ ಮೆಮೊರಿಯಲ್ಲಿ ಹಾಯಾಗಿದ್ದ ಸಾಫ್ಟ್‌ವೇರ್ ಸಂಜೆಗೆ ಮೂರು ಜಿಬಿ ನುಂಗಿ ಕೂತಿರುತ್ತದೆ. ಉಳಿಸದ ಕೆಲಸ ಇದ್ದರೆ ಅದರ ಕಥೆ ಮುಗಿಯಿತು.

ಆಗ ಸಿಗುವ ಉತ್ತರಗಳು ಸಾಮಾನ್ಯವಾಗಿ ಎರಡು. ಕಂಪ್ಯೂಟರ್ ಬಲ್ಲ ಹುಡುಗ "ಮೆಮೊರಿ ಲೀಕ್ ಇರಬೇಕು ಅಣ್ಣ, ಬಂದ್ ಮಾಡಿ ಪುನಃ ತೆರೆಯಿರಿ" ಅನ್ನುತ್ತಾನೆ. ಪಕ್ಕದಲ್ಲಿದ್ದ ಹಿರಿಯರು "ಪುಕ್ಕಟೆ ಸಿಕ್ಕಿದ್ದಲ್ವಾ, ದಾನಕ್ಕೆ ಬಂದ ಎಮ್ಮೆಯ ಹಲ್ಲು ಹಿಡಿದು ನೋಡ್ತೀರಾ?" ಎಂದು ನಗುತ್ತಾರೆ. ಮೊದಲನೆಯದರಲ್ಲಿ ಅರ್ಧ ಸತ್ಯವಿದೆ. ಎರಡನೆಯದು ಜಾಣ ಮಾತಿನ ಹಾಗೆ ಕೇಳಿಸುತ್ತದೆ, ಆದರೆ ಮುಕ್ತ ತಂತ್ರಾಂಶದ ವಿಷಯದಲ್ಲಿ ಎಮ್ಮೆಯ ಹಲ್ಲು ನೋಡುವವರೇ ಬೇಕಾದವರು. ಅದು ಯಾಕೆ ಎಂದು ಹೇಳುವ ಮೊದಲು ಸ್ವಲ್ಪ ಲೆಕ್ಕ ಮಾಡೋಣ.

ಸೀಡಿ ಗುಣಮಟ್ಟದ ಧ್ವನಿ ಅಂದರೆ ಸೆಕೆಂಡಿಗೆ 44,100 ಮಾದರಿಗಳು. ಆಡಾಸಿಟಿ ಒಂದೊಂದು ಮಾದರಿಯನ್ನೂ 32 ಬಿಟ್, ಅಂದರೆ 4 ಬೈಟ್‌ನಲ್ಲಿ ಇಟ್ಟುಕೊಳ್ಳುತ್ತದೆ. ನಾವು ಬದಲಿಸದಿದ್ದರೆ ಅದೇ ಕ್ರಮ. ಸ್ಟೀರಿಯೊ ಆದರೆ ಎರಡರಷ್ಟು. ನಿಮಿಷಕ್ಕೆ ಸುಮಾರು 21 ಎಂಬಿ, ಗಂಟೆಗೆ 1.27 ಜಿಬಿ. ನಾಲ್ಕು ಗಂಟೆಯ ಒಂದು ಪ್ರಸಂಗಕ್ಕೆ 5 ಜಿಬಿ. ಈಗ ಇಡೀ ಮುದ್ರಣದ ಟೇಪಿನ 'ಹಿಸ್' ತೆಗೆಯಿರಿ, ಆಮೇಲೆ ಧ್ವನಿ ಏರಿಸಿ, ಆಮೇಲೆ ಕರೆಂಟಿನ ಗುಂಯ್‌ಗುಡುವಿಕೆ ಸೋಸಿ. ಪ್ರತಿ ಹೆಜ್ಜೆಯಲ್ಲೂ ಹೊಸ 5 ಜಿಬಿ ಹುಟ್ಟುತ್ತದೆ, ಹಳೆಯದು ಅಳಿಯುವುದಿಲ್ಲ. ನೀವು 'ಅನ್‌ಡೂ' ಒತ್ತಿದರೆ ಹಿಂದಕ್ಕೆ ಹೋಗಬೇಕಲ್ಲ? ಅದಕ್ಕಾಗಿ ಪ್ರಾಜೆಕ್ಟ್ ಮುಚ್ಚುವ ತನಕ ಎಲ್ಲ ಹಳೆಯ ರೂಪಗಳನ್ನೂ ಅದು ಕಾಪಿಟ್ಟುಕೊಳ್ಳುತ್ತದೆ. ಮೂರು ಹೆಜ್ಜೆಗೆ 20 ಜಿಬಿ. ಇದು ಡಿಸ್ಕಿನ ಮೇಲೆ ಕೂರುವ ಸಂಗತಿ, ರ‍್ಯಾಮ್‌ನಲ್ಲಿ ಅಲ್ಲ. ಆದರೆ ಡಿಸ್ಕ್ ತುಂಬಿದ ಕಂಪ್ಯೂಟರಿನಲ್ಲಿ ಎಲ್ಲವೂ ತೆವಳುತ್ತದೆ, ನೋಡುವವರಿಗೆ ಎರಡೂ ಒಂದೇ. 'ವ್ಯೂ' ಮೆನುವಿನಲ್ಲಿರುವ 'ಹಿಸ್ಟರಿ' ತೆರೆದರೆ ಹಳೆಯ ಹೆಜ್ಜೆಗಳನ್ನು ಕಳಚಿಹಾಕುವ ಗುಂಡಿ ಇದೆ. ಲೀಕ್ ಎಂದು ಬೈಸಿಕೊಳ್ಳುವ ಎಷ್ಟೋ ಪ್ರಕರಣಗಳು ಅಲ್ಲಿಗೇ ಮುಗಿಯುತ್ತವೆ.

ನಿಜವಾದ ಲೀಕ್ ಬೇರೆ. ಸಂಗೀತದ ಸಾಫ್ಟ್‌ವೇರ್‌ಗಳಲ್ಲಿ ಹೆಚ್ಚಿನವು ಸಿ ಅಥವಾ ಸಿ++ ಭಾಷೆಯಲ್ಲಿವೆ. ಈ ಭಾಷೆಗಳಲ್ಲಿ ಮೆಮೊರಿ ಬೇಕಾದಾಗ ಕೇಳಿ ಪಡೆಯಬೇಕು, ಮುಗಿದ ಮೇಲೆ ಹಿಂತಿರುಗಿಸಬೇಕು. ಮದುವೆಮನೆಯ ಉಗ್ರಾಣದ ವ್ಯವಹಾರದ ಹಾಗೆ: ಬಡಿಸುವವನು ಪಾತ್ರೆ ಒಯ್ದ, ಎಲ್ಲಿಟ್ಟೆ ಎನ್ನುವುದನ್ನೇ ಮರೆತ. ಪಾತ್ರೆ ಚಪ್ಪರದ ಯಾವುದೋ ಮೂಲೆಯಲ್ಲಿದೆ, ಯಾರ ಉಪಯೋಗಕ್ಕೂ ಇಲ್ಲ, ಉಗ್ರಾಣಿಯ ಪುಸ್ತಕದಲ್ಲಿ ಮಾತ್ರ 'ಹೊರಗಿದೆ' ಎಂದೇ ಇದೆ. ಮುಂದಿನ ಪಂಕ್ತಿಗೆ ಹೊಸ ಪಾತ್ರೆ. ಹೀಗೆಯೇ ಪಂಕ್ತಿ ಮೇಲೆ ಪಂಕ್ತಿ ಸಾಗಿದರೆ ಉಗ್ರಾಣ ಬರಿದು. ಮದುವೆ ಮುಗಿದು ಚಪ್ಪರ ಬಿಚ್ಚಿದಾಗ ಎಲ್ಲವೂ ಸಿಗುತ್ತದೆ. ಸಾಫ್ಟ್‌ವೇರ್ ಮುಚ್ಚಿದೊಡನೆ ಆಪರೇಟಿಂಗ್ ಸಿಸ್ಟಮ್ ಅದರ ಮೆಮೊರಿಯನ್ನೆಲ್ಲ ಒಟ್ಟಿಗೇ ವಾಪಸು ಪಡೆಯುತ್ತದೆ. 'ಬಂದ್ ಮಾಡಿ ಪುನಃ ತೆರೆಯಿರಿ' ಎಂಬ ಸಲಹೆ ಫಲಿಸುವುದು ಈ ಕಾರಣಕ್ಕೆ.

ಇದೇ ಕಾರಣಕ್ಕೆ ಸಾಫ್ಟ್‌ವೇರ್ ಬರೆದವನ ಕಣ್ಣಿಗೆ ದೋಷ ಬೀಳುವುದೂ ಇಲ್ಲ. ಅವನು ತನ್ನ ಯಂತ್ರದಲ್ಲಿ ತೆರೆಯುತ್ತಾನೆ, ಹೊಸ ಬದಲಾವಣೆ ಸರಿಯಾಗಿದೆಯೇ ಎಂದು ಹತ್ತು ನಿಮಿಷ ನೋಡುತ್ತಾನೆ, ಮುಚ್ಚುತ್ತಾನೆ. ದಿನಕ್ಕೆ ಹತ್ತಾರು ಸಲ ತೆರೆದು ಮುಚ್ಚುವವನಿಗೆ ಲೀಕ್ ಕಾಣುವುದಾದರೂ ಹೇಗೆ? ಒಂದು ಅಂದಾಜು ಮಾಡಿ. ಧ್ವನಿಯ ಏರಿಳಿತ ತೋರಿಸುವ ಹಸಿರು ಪಟ್ಟಿ ಸೆಕೆಂಡಿಗೆ 30 ಸಲ ಹೊಸದಾಗಿ ಬರೆಯಲ್ಪಡುತ್ತದೆ ಎಂದಿಟ್ಟುಕೊಳ್ಳೋಣ. ಒಂದೊಂದು ಸಲಕ್ಕೆ 4 ಕೆಬಿ ಮರೆತುಹೋದರೆ ಹತ್ತು ನಿಮಿಷಕ್ಕೆ 70 ಎಂಬಿ ಮೀರುತ್ತದೆ. 16 ಜಿಬಿ ಯಂತ್ರದಲ್ಲಿ ಅದು ಯಾವ ಲೆಕ್ಕಕ್ಕೂ ಇಲ್ಲ. ಒಂದು ಗಂಟೆಗೆ ಸುಮಾರು 440 ಎಂಬಿ. ನಾಲ್ಕು ಜಿಬಿ ರ‍್ಯಾಮ್ ಇರುವ ಹಳೆಯ ಲ್ಯಾಪ್‌ಟಾಪಿನಲ್ಲಿ ನಾಲ್ಕು ಗಂಟೆ ಮುದ್ರಿಸುವವನಿಗೆ ಅದೇ ಮರಣಶಾಸನ. ಬರೆದವನ ಹತ್ತಿರ ಒಳ್ಳೆಯ ಯಂತ್ರ ಮತ್ತು ಹತ್ತು ನಿಮಿಷ, ಬಳಸುವವನ ಹತ್ತಿರ ಬಡ ಯಂತ್ರ ಮತ್ತು ಇಡೀ ದಿನ. ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ಲೀಕ್ ಅಲ್ಲದ ಇನ್ನೂ ಒಂದು ಜಾತಿ ಇದೆ, ಹಾಡು ಕೇಳುವ ಪ್ಲೇಯರ್‌ಗಳಲ್ಲಿ ಹೆಚ್ಚು. ಆಲ್ಬಮ್ಮಿನ ಮುಖಪುಟದ ಚಿತ್ರ ಕಡತದಲ್ಲಿ ಅರ್ಧ ಎಂಬಿ ಇರಬಹುದು. ಪರದೆಗೆ ತರಲು ಬಿಚ್ಚಿದಾಗ, 1500 ಚುಕ್ಕಿ ಅಗಲ 1500 ಚುಕ್ಕಿ ಎತ್ತರದ ಚಿತ್ರ 9 ಎಂಬಿ ಆಗುತ್ತದೆ. ಮತ್ತೆ ಬೇಕಾದೀತು ಎಂದು ಪ್ಲೇಯರ್ ಅದನ್ನು ಇಟ್ಟುಕೊಳ್ಳುತ್ತದೆ. ಐನೂರು ಆಲ್ಬಮ್‌ಗಳ ಸಂಗ್ರಹವನ್ನು ಒಮ್ಮೆ ಮೇಲಿಂದ ಕೆಳಗೆ ಸರಿಸಿ ನೋಡಿದರೆ ನಾಲ್ಕೂವರೆ ಜಿಬಿ. ಇಲ್ಲಿ ಏನೂ ಮರೆತಿಲ್ಲ. ಪ್ರತಿ ಚಿತ್ರ ಎಲ್ಲಿದೆ ಎಂದು ಪ್ಲೇಯರಿಗೆ ಗೊತ್ತು, ಸಾಕು ಎಂದು ಹೇಳುವ ಮಿತಿಯನ್ನು ಮಾತ್ರ ಯಾರೂ ಬರೆದಿಲ್ಲ. ಲೀಕ್ ಹುಡುಕುವ ಉಪಕರಣಗಳು ಇದನ್ನು ದೋಷ ಎಂದು ಎತ್ತಿ ತೋರಿಸುವುದಿಲ್ಲ. ಡೆವಲಪರ್ "ಲೀಕ್ ಇಲ್ಲ" ಎಂದು ಪ್ರಾಮಾಣಿಕವಾಗಿಯೇ ಉತ್ತರಿಸುತ್ತಾನೆ, ಬಳಕೆದಾರನ ಪಿತ್ತ ನೆತ್ತಿಗೇರುತ್ತದೆ. ನನ್ನ ಮಟ್ಟಿಗೆ ಇದೂ ದೋಷವೇ. ಬಳಸುವವನಿಗೆ ಸಿಗದ ಮೆಮೊರಿ ಮರೆವಿನಿಂದ ಹೋಯಿತೋ ಲೋಭದಿಂದ ಹೋಯಿತೋ ಎನ್ನುವುದು ಅವನ ಚಿಂತೆಯಲ್ಲ.

ಮೆಮೊರಿ ತುಂಡುತುಂಡಾಗುವ ಸಮಸ್ಯೆಯೂ ಉಂಟು. ಹಿಂತಿರುಗಿಸಿದ ಜಾಗಗಳ ನಡುನಡುವೆ ಬಳಕೆಯಲ್ಲಿರುವ ಚೂರುಗಳು ಸಿಕ್ಕಿಕೊಂಡು, ಖಾಲಿ ಇದ್ದರೂ ಸಿಸ್ಟಮ್ಮಿಗೆ ವಾಪಸು ಕೊಡಲಾಗದ ಸ್ಥಿತಿ ಅದು. ಹೊರಗಿನಿಂದ ನೋಡಿದರೆ ಲೀಕ್‌ನ ಅಪರಾವತಾರ.

ಇನ್ನು ಪ್ಲಗಿನ್‌ಗಳು. ಪ್ರತಿಧ್ವನಿ, ಕಂಪ್ರೆಸರ್, ಕೃತಕ ವಾದ್ಯಗಳನ್ನು ಬೇರೆಬೇರೆಯವರು ಬರೆದು ಕೊಡುತ್ತಾರೆ. 1996ರಲ್ಲಿ ಸ್ಟೈನ್‌ಬರ್ಗ್ ಕಂಪನಿ ತಂದ ವಿಎಸ್‌ಟಿ ಪದ್ಧತಿಯಿರಲಿ, ಲಿನಕ್ಸ್‌ನವರ ಲ್ಯಾಡ್ಸ್ಪಾ, ಎಲ್‌ವಿ2 ಇರಲಿ, ಸಾಮಾನ್ಯವಾಗಿ ಪ್ಲಗಿನ್ ಓಡುವುದು ಮೂಲ ಸಾಫ್ಟ್‌ವೇರಿನ ಹೊಟ್ಟೆಯೊಳಗೇ. ಅದು ಮರೆತ ಮೆಮೊರಿಯೂ ಟಾಸ್ಕ್ ಮ್ಯಾನೇಜರಿನಲ್ಲಿ ಮೂಲ ಸಾಫ್ಟ್‌ವೇರಿನ ಹೆಸರಿಗೇ ಬರೆಯಲ್ಪಡುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ, ಆರ್ಡರ್‌ನಂಥ ಸಂಗೀತದ ಸಾಫ್ಟ್‌ವೇರಿಗೆ ಬೈಗುಳ ಬೀಳುತ್ತದೆ. ಲೀಕ್ ಯಾವುದೋ ಪುಕ್ಕಟೆ ಪಿಯಾನೊ ಪ್ಲಗಿನ್ನಿನದ್ದು, ಅದನ್ನು ಬರೆದವನು ಅದನ್ನು ಬಿಟ್ಟು ಎಷ್ಟು ವರ್ಷವಾಯಿತೋ.

ಇಷ್ಟೆಲ್ಲ ಬೇರೆ ಸಾಫ್ಟ್‌ವೇರ್‌ಗಳಿಗೂ ಇರುವ ಕಷ್ಟ. ಸಂಗೀತದ್ದೇ ಆದ ಒಂದು ಕಷ್ಟ ಇದೆ, ಅದನ್ನು ತಿಳಿದರೆ ಬರೆಯುವವರ ಮೇಲೆ ಸ್ವಲ್ಪ ಕನಿಕರ ಹುಟ್ಟುತ್ತದೆ. ಕಂಪ್ಯೂಟರಿನ ಸೌಂಡ್ ಕಾರ್ಡ್ ಧ್ವನಿಯನ್ನು ಸಣ್ಣ ಸಣ್ಣ ಕಂತುಗಳಲ್ಲಿ ಕೇಳುತ್ತದೆ. ಕಂತು 256 ಮಾದರಿಗಳದ್ದಾದರೆ 5.8 ಮಿಲಿಸೆಕೆಂಡಿಗೆ ಒಮ್ಮೆ ಸಾಫ್ಟ್‌ವೇರ್ ಮುಂದಿನ ಕಂತನ್ನು ಸಿದ್ಧಪಡಿಸಿ ಕೊಟ್ಟಿರಲೇಬೇಕು. ತಡವಾದರೆ ಸ್ಪೀಕರಿನಲ್ಲಿ 'ಚಟ್' ಎಂದು ಒಡಕು ಕೇಳಿಸುತ್ತದೆ. ವೇದಿಕೆಯ ಮೇಲೆ ಆಲಾಪದ ನಡುವೆ ಹೀಗಾದರೆ ಕೇಳುವವರು ಕ್ಷಮಿಸುವುದಿಲ್ಲ. ಮೆಮೊರಿ ಕೇಳುವುದು, ಹಿಂತಿರುಗಿಸುವುದು ಇವೆರಡೂ ಎಷ್ಟು ಹೊತ್ತು ಹಿಡಿಯುತ್ತವೆ ಎಂದು ಮೊದಲೇ ಹೇಳಲು ಬರುವುದಿಲ್ಲ. ಒಳಗಿನ ಬೀಗ ಬೇರೊಬ್ಬರ ಕೈಯಲ್ಲಿದ್ದರೆ ಕಾಯಬೇಕು. ಆದ್ದರಿಂದ ಧ್ವನಿ ತಯಾರಿಸುವ ಎಳೆಯಲ್ಲಿ, ಅಂದರೆ ಥ್ರೆಡ್‌ನಲ್ಲಿ, ಮೆಮೊರಿಯ ವ್ಯವಹಾರವನ್ನೇ ಮಾಡಕೂಡದು ಎಂಬುದು ಈ ಕಸುಬಿನ ಕಟ್ಟಳೆ.

ಹಾಗಾದರೆ ಹಾಡು ಓಡುತ್ತಿರುವಾಗಲೇ ಒಂದು ಟ್ರ್ಯಾಕ್ ಅಳಿಸಿದರೆ ಅದರ ಮೆಮೊರಿಯನ್ನು ಯಾರು ಬಿಡಬೇಕು? ಧ್ವನಿಯ ಎಳೆ ಇನ್ನೂ ಅದನ್ನು ಹಿಡಿದಿರಬಹುದು, ಅದು ತಾನಾಗಿ ಬಿಡುವಂತಿಲ್ಲ. ಬೇರೆ ಎಳೆ ಬಿಟ್ಟುಬಿಟ್ಟರೆ ಧ್ವನಿಯ ಎಳೆ ಇಲ್ಲದ ಜಾಗಕ್ಕೆ ಕೈಹಾಕಿ ಇಡೀ ಸಾಫ್ಟ್‌ವೇರ್ ಕುಸಿಯುತ್ತದೆ. ಇದಕ್ಕೆ ಕಂಡುಕೊಂಡ ದಾರಿಯೆಂದರೆ ಹಳೆಯದನ್ನು ಒಂದು ಪಟ್ಟಿಯಲ್ಲಿ ಹಾಕಿಟ್ಟು, ಎಲ್ಲರೂ ಕೈಬಿಟ್ಟಿದ್ದಾರೆ ಎಂದು ಖಾತ್ರಿಯಾದ ಮೇಲೆ ನಿಧಾನಕ್ಕೆ ವಿಲೇವಾರಿ ಮಾಡುವುದು. ಆರ್ಡರ್‌ನ ಮೂಲ ಸಂಕೇತದಲ್ಲಿ ಇಂಥ ಪಟ್ಟಿಯೊಂದಕ್ಕೆ 'ಡೆಡ್ ವುಡ್' ಎಂದೇ ಹೆಸರಿದೆ. ಪಟ್ಟಿಯನ್ನು ಖಾಲಿ ಮಾಡು ಎಂದು ಯಾರಾದರೂ ಹೇಳಬೇಕು. ಹೇಳುವುದನ್ನು ಒಂದೇ ಒಂದು ದಾರಿಯಲ್ಲಿ ಮರೆತರೂ ಅಲ್ಲಿಂದ ಉಬ್ಬುವಿಕೆ ಆರಂಭ. ಕುಸಿಯುವ ಸಾಫ್ಟ್‌ವೇರ್, ಒಡಕು ಧ್ವನಿ, ನಿಧಾನಕ್ಕೆ ಉಬ್ಬುವ ಮೆಮೊರಿ, ಈ ಮೂರರಲ್ಲಿ ಒಂದನ್ನು ಸಹಿಸಬೇಕಾಗಿ ಬಂದರೆ ಯಾವ ಡೆವಲಪರ್ ಆದರೂ ಮೂರನೆಯದನ್ನೇ ಆರಿಸಿಕೊಳ್ಳುತ್ತಾನೆ. ನಾನಾದರೂ ಅದನ್ನೇ.

ಲೀಕ್ ಪತ್ತೆಗೆ ಸಲಕರಣೆಗಳಿಲ್ಲವೆಂದಲ್ಲ. ಜೂಲಿಯನ್ ಸೀವರ್ಡ್ 2002ರಲ್ಲಿ ಹೊರತಂದ ವ್ಯಾಲ್‌ಗ್ರಿಂಡ್ ಇಂದಿಗೂ ಈ ಕ್ಷೇತ್ರದ ಹಿರಿಯಣ್ಣ. ಸಾಫ್ಟ್‌ವೇರನ್ನು ತನ್ನ ನಿಗಾದಲ್ಲಿ ಓಡಿಸಿ, ಎಲ್ಲಿ ಪಡೆದ ಮೆಮೊರಿ ವಾಪಸು ಬರಲಿಲ್ಲ ಎಂದು ಸಾಲಿನ ಸಂಖ್ಯೆ ಸಮೇತ ಹೇಳುತ್ತದೆ. ಆದರೆ ಅದರ ನಿಗಾದಲ್ಲಿ ಸಾಫ್ಟ್‌ವೇರ್ ಇಪ್ಪತ್ತು ಮೂವತ್ತು ಪಟ್ಟು ನಿಧಾನವಾಗುತ್ತದೆ. 5.8 ಮಿಲಿಸೆಕೆಂಡಿನ ಗಡುವಿನಲ್ಲಿ ಬದುಕುವ ಸಂಗೀತದ ಸಾಫ್ಟ್‌ವೇರನ್ನು ಹಾಗೆ ಓಡಿಸಿದರೆ ಹಾಡು ಹಾಡಾಗಿ ಉಳಿಯುವುದಿಲ್ಲ, ನಿಜ ಬಳಕೆಯ ಸನ್ನಿವೇಶ ಮರುಕಳಿಸುವುದೂ ಇಲ್ಲ. ಗೂಗಲ್‌ನವರ ಅಡ್ರೆಸ್ ಸ್ಯಾನಿಟೈಜರ್ ಬಂದ ಮೇಲೆ ನಿಧಾನ ಎರಡು ಪಟ್ಟಿಗೆ ಇಳಿಯಿತು, ಕೆಲಸ ಎಷ್ಟೋ ಹಗುರಾಯಿತು. ಆದರೂ ಯಾವ ಬಟನ್ ಒತ್ತಿ, ಯಾವ ಪ್ಲಗಿನ್ ಹಾಕಿ, ಎಷ್ಟು ಹೊತ್ತು ಓಡಿಸಿದರೆ ಲೀಕ್ ಕಾಣುತ್ತದೆ ಎಂದು ಗೊತ್ತಿಲ್ಲದೆ ಯಾವ ಸಲಕರಣೆಯೂ ಪ್ರಯೋಜನಕ್ಕಿಲ್ಲ. ಗೊತ್ತಿರುವುದು ಬಳಸಿದವನಿಗೆ ಮಾತ್ರ.

ಬೈದವರು ಸರಿಯೋ ಬೈಸಿಕೊಂಡವರು ಸರಿಯೋ ಎಂಬುದಕ್ಕೆ ಚೆನ್ನಾಗಿ ದಾಖಲಾದ ಕಥೆಯೊಂದಿದೆ. ಸಾಂಗ್‌ಬರ್ಡ್ ಎಂಬ ಪ್ಲೇಯರ್ 2006ರಲ್ಲಿ ಬಂತು. ಹಾಡು ಕೇಳುವುದು, ಜಾಲತಾಣ ನೋಡುವುದು ಎರಡೂ ಒಂದೇ ಕಿಟಕಿಯಲ್ಲಿ ಎಂಬುದು ಅದರ ಆಕರ್ಷಣೆ. ಅದನ್ನು ಕಟ್ಟಿದ್ದು ಮೊಜಿಲ್ಲಾದ ತಳಪಾಯದ ಮೇಲೆ, ಅಂದರೆ ಫೈರ್‌ಫಾಕ್ಸ್ ಬ್ರೌಸರ್ ನಿಂತಿದ್ದ ಅದೇ ನೆಲದ ಮೇಲೆ. ಹಾಡು ಕೇಳಲಿಕ್ಕೆ ಒಂದು ಬ್ರೌಸರಿನ ಭಾರ ಹೊರಬೇಕಾಯಿತು. ಆ ಕಾಲಕ್ಕೆ ಫೈರ್‌ಫಾಕ್ಸ್ ಮೆಮೊರಿ ನುಂಗುವುದಕ್ಕೆ ಕುಖ್ಯಾತ. 2006ರಲ್ಲಿ ಅದರ ಮುಖ್ಯ ಡೆವಲಪರ್‌ಗಳಲ್ಲೊಬ್ಬರಾದ ಬೆನ್ ಗುಡ್ಜರ್, ಜನ ಲೀಕ್ ಎನ್ನುವುದರಲ್ಲಿ ಒಂದು ಭಾಗ ವಾಸ್ತವದಲ್ಲಿ ಬೇಕೆಂದೇ ಕೊಟ್ಟ ಸೌಲಭ್ಯ ಎಂದು ವಿವರಿಸಿದರು: ನೋಡಿದ ಪುಟಗಳನ್ನು ಮೆಮೊರಿಯಲ್ಲಿ ಇಟ್ಟುಕೊಂಡರೆ 'ಹಿಂದಕ್ಕೆ' ಒತ್ತಿದಾಗ ಥಟ್ಟನೆ ಬರುತ್ತವೆ. ಮಾತು ಸುಳ್ಳಲ್ಲ. ಆದರೆ 'ಅದು ದೋಷವಲ್ಲ, ಸೌಲಭ್ಯ' ಎನ್ನುವುದು ಆಮೇಲೆ ಬಳಕೆದಾರರ ನಡುವೆ ಗೇಲಿಯ ಮಾತಾಗಿ ಉಳಿಯಿತು.

ದೋಷವೂ ಇತ್ತು. 2008ರ ಫೈರ್‌ಫಾಕ್ಸ್ 3ರಲ್ಲಿ ತುಂಡಾಗುವಿಕೆ ತಗ್ಗಿಸಲು ಜೆಮ್ಯಾಲಾಕ್ ಎಂಬ ಹೊಸ ಮೆಮೊರಿ ವ್ಯವಸ್ಥೆ ಅಳವಡಿಸಿದರು. ಅವನು ಬಿಡಲಿ ಎಂದು ಇವನು, ಇವನು ಬಿಡಲಿ ಎಂದು ಅವನು ಮೆಮೊರಿ ಹಿಡಿದುಕೊಂಡು ಕೂತ ಜೋಡಿಗಳನ್ನು ಹುಡುಕಿ ಬಿಡಿಸುವ ಏರ್ಪಾಡೂ ಆಗಲೇ ಬಂತು. ದೂರು ಕಡಿಮೆಯಾಯಿತು, ನಿಲ್ಲಲಿಲ್ಲ. 2011ರಲ್ಲಿ ನಿಕೋಲಸ್ ನೆದರ್‌ಕೋಟ್ 'ಮೆಮ್‌ಶ್ರಿಂಕ್' ಎಂಬ ಹೆಸರಿನಲ್ಲಿ ಇದಕ್ಕೆಂದೇ ಒಂದು ತಂಡ ಕಟ್ಟಿದರು. ವ್ಯಾಲ್‌ಗ್ರಿಂಡ್ ಕಟ್ಟಿದವರಲ್ಲಿ ಇವರೂ ಒಬ್ಬರು, ಲೀಕ್ ಹಿಡಿಯುವುದು ಅವರ ಕುಲಕಸುಬು ಎನ್ನಬಹುದು. ತಂಡ ಮಾಡಿದ ಬುದ್ಧಿವಂತ ಕೆಲಸವೆಂದರೆ, ಯಾವ ಪುಟ ಎಷ್ಟು ಮೆಮೊರಿ ಹಿಡಿದಿದೆ ಎಂದು ಬಳಕೆದಾರರೇ ನೋಡಿ ವರದಿ ಮಾಡುವಂತೆ ಬ್ರೌಸರಿನೊಳಗಿನ ಮೆಮೊರಿ ಪುಟವನ್ನು ಹಿಗ್ಗಿಸಿದ್ದು. ಆಮೇಲೆ ದೂರುಗಳ ರೂಪವೇ ಬದಲಾಯಿತು. 'ನಿಮ್ಮ ಬ್ರೌಸರ್ ಕಸ' ಎನ್ನುವವನು ಅಂಕಿಅಂಶದ ಪಟ್ಟಿ ತಂದು ಮುಂದಿಟ್ಟ. ಆ ಪಟ್ಟಿಗಳಿಂದ ಖಚಿತವಾದ ಸಂಗತಿಗಳಲ್ಲಿ ಒಂದು, ಲೀಕ್‌ಗಳಲ್ಲಿ ದೊಡ್ಡ ಪಾಲು ಹೊರಗಿನವರು ಬರೆದ ಆಡ್-ಆನ್‌ಗಳದ್ದು ಎಂಬುದು. ಮುಚ್ಚಿದ ಪುಟಗಳನ್ನು ಅವು ಹಿಡಿದೇ ಇರುತ್ತಿದ್ದವು. ಒಂದೊಂದನ್ನೂ ತಿದ್ದಿಸುತ್ತ ಕೂರುವ ಬದಲು, 2012ರ ಫೈರ್‌ಫಾಕ್ಸ್ 15ರಲ್ಲಿ ಪುಟ ಮುಚ್ಚಿದೊಡನೆ ಅವುಗಳ ಹಿಡಿತವನ್ನು ಬ್ರೌಸರೇ ಕತ್ತರಿಸುವಂತೆ ಮಾಡಿದರು. ಸಾಂಗ್‌ಬರ್ಡ್ ಅಷ್ಟರಲ್ಲಿ ಲಿನಕ್ಸ್ ಆವೃತ್ತಿಯನ್ನು ಕೈಬಿಟ್ಟಾಗಿತ್ತು, 2013ರಲ್ಲಿ ಅಂಗಡಿಯನ್ನೇ ಮುಚ್ಚಿತು.

ಆರು ವರ್ಷ ಹಿಡಿದ ಈ ಕಥೆಯಲ್ಲಿ ಎರಡೂ ಕಡೆಯವರು ಅರ್ಧರ್ಧ ಸರಿ. ಫೈರ್‌ಫಾಕ್ಸ್‌ಗೆ ಸಂಬಳ ಕೊಡುವ ಸಂಸ್ಥೆ ಇತ್ತು, ತಂಡ ಕಟ್ಟಲು ಸಾಧ್ಯವಾಯಿತು. ಸಂಗೀತದ ತಂತ್ರಾಂಶಗಳಲ್ಲಿ ಹೆಚ್ಚಿನವಕ್ಕೆ ಆ ಭಾಗ್ಯವಿಲ್ಲ. ಆಡಾಸಿಟಿ 1999ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಡಾಮಿನಿಕ್ ಮಝೋನಿ ಎಂಬ ವಿದ್ಯಾರ್ಥಿ ಮತ್ತು ರೋಜರ್ ಡ್ಯಾನೆನ್‌ಬರ್ಗ್ ಎಂಬ ಪ್ರಾಧ್ಯಾಪಕರ ಕೈಯಲ್ಲಿ ಹುಟ್ಟಿದ್ದು. ಮುಂದಿನ ಎರಡು ದಶಕ ಅದನ್ನು ನಡೆಸಿದ್ದು ಬಹುಪಾಲು ಬಿಡುವಿನ ವೇಳೆಯ ಸ್ವಯಂಸೇವಕರು. ಆರ್ಡರ್ ಕಟ್ಟಿದ ಪಾಲ್ ಡೇವಿಸ್ ಅಮೆಜಾನ್‌ನ ಮೊದಲ ಇಬ್ಬರು ಪ್ರೋಗ್ರಾಮರ್‌ಗಳಲ್ಲೊಬ್ಬರು, ಅದನ್ನು ಬಿಟ್ಟುಬಂದು ಇದಕ್ಕೆ ಕೂತವರು. ಆರ್ಡರ್‌ನ ಮೂಲ ಸಂಕೇತ ಯಾರಿಗೂ ಉಚಿತ, ಸಿದ್ಧಪಡಿಸಿದ ಪ್ರತಿ ಬೇಕಾದರೆ ಕೈಲಾದಷ್ಟು ಹಣ ಕೊಡಬೇಕು. ಪುಕ್ಕಟೆ ಮಾದರಿ ಪ್ರತಿ ಹತ್ತು ನಿಮಿಷಕ್ಕೆ ಮೌನವಾಗುತ್ತದೆ. ಇದನ್ನು ಜಿಪುಣತನ ಎನ್ನುವವರಿದ್ದಾರೆ. ನನಗೆ ಅದು ನೇರ ವ್ಯವಹಾರ ಅನ್ನಿಸುತ್ತದೆ.

ಇಂಥ ತಂತ್ರಾಂಶಗಳನ್ನು ಹಂಚುವ ಜಿಪಿಎಲ್ ಪರವಾನಗಿಯಲ್ಲಿ ಯಾವ ಖಾತ್ರಿಯೂ ಇಲ್ಲ ಎಂದು ದೊಡ್ಡ ಅಕ್ಷರದಲ್ಲೇ ಬರೆದಿದೆ, ಹಾಗಾಗಿ ದೂರುವ ಹಕ್ಕಿಲ್ಲ ಎನ್ನುವ ವಾದವೂ ಚಾಲ್ತಿಯಲ್ಲಿದೆ. ದುಡ್ಡು ಕೊಟ್ಟು ಕೊಂಡ ಸಾಫ್ಟ್‌ವೇರ್‌ಗಳ ಪರವಾನಗಿ ಓದಿದವರಿಗೆ ಗೊತ್ತು, ಅಲ್ಲೂ ಬಹುತೇಕ ಇದೇ ಮಾತು, ಇನ್ನೂ ಸಣ್ಣ ಅಕ್ಷರದಲ್ಲಿ. ಖಾತ್ರಿ ಇಲ್ಲವೆಂದರೆ ನ್ಯಾಯಾಲಯಕ್ಕೆ ಹೋಗುವಂತಿಲ್ಲ, ಅಷ್ಟೆ. ಮುದ್ರಣ ಹಾಳಾದವನ ಸಂಕಟ ಅದರಿಂದ ಸುಳ್ಳಾಗುವುದಿಲ್ಲ. ಕ್ಯಾಸೆಟ್ಟಿನ ಟೇಪು ಎರಡನೆಯ ಸಲ ಓಡಿಸಿದಾಗ ತುಂಡಾಗುವಷ್ಟು ಹಳೆಯದಾಗಿರಬಹುದು.

2021ರಲ್ಲಿ ಆಡಾಸಿಟಿಯನ್ನು ಮ್ಯೂಸ್ ಗ್ರೂಪ್ ಎಂಬ ಕಂಪನಿ ಕೊಂಡುಕೊಂಡಿತು. ಕೆಲವೇ ದಿನಗಳಲ್ಲಿ, ಬಳಕೆದಾರ ಒಪ್ಪಿದರೆ ಅವನ ಬಳಕೆಯ ವಿವರಗಳನ್ನು ಗೂಗಲ್ ಮತ್ತು ಯಾಂಡೆಕ್ಸ್ ಸೇವೆಗಳ ಮೂಲಕ ಸಂಗ್ರಹಿಸುವ ಪ್ರಸ್ತಾಪ ಬಂತು. ಜನ ಸಿಡಿದೆದ್ದರು, ಪ್ರಸ್ತಾಪ ಬಿದ್ದುಹೋಯಿತು. ಜುಲೈನಲ್ಲಿ ಖಾಸಗಿತನದ ಹೊಸ ನೀತಿಯ ಬಗ್ಗೆ ಇನ್ನೊಂದು ಗಲಾಟೆ. ಟೆನಾಸಿಟಿ ಎಂಬ ಕವಲು ಹುಟ್ಟಿದ್ದು ಆ ಸಿಟ್ಟಿನಲ್ಲೇ. ನಾನು ಆ ಸಿಟ್ಟಿನ ಪಕ್ಷ. ಮನೆಯ ಧ್ವನಿಮುದ್ರಣದ ಸಾಫ್ಟ್‌ವೇರ್ ಹೊರಗೆ ಯಾರಿಗೂ ಏನನ್ನೂ ಹೇಳುವ ಅಗತ್ಯವಿಲ್ಲ. ಆದರೆ ಅದರ ಬೆಲೆ ಏನು ಎಂಬುದನ್ನೂ ಒಪ್ಪಿಕೊಳ್ಳಬೇಕು. ನಾಲ್ಕು ಜಿಬಿ ಯಂತ್ರದಲ್ಲಿ ನಾಲ್ಕನೆಯ ಗಂಟೆಗೆ ಏನಾಗುತ್ತದೆ ಎಂಬುದು ಬರೆದವರಿಗೆ ತಿಳಿಯಲು ಎರಡೇ ದಾರಿ: ಸಾಫ್ಟ್‌ವೇರ್ ತಾನೇ ಹೇಳಬೇಕು, ಇಲ್ಲವೇ ನಾವು ಹೇಳಬೇಕು. ಮೊದಲನೆಯದಕ್ಕೆ ಬಾಗಿಲು ಹಾಕಿದವರು ಎರಡನೆಯದನ್ನು ಮಾಡಲೇಬೇಕಾಗುತ್ತದೆ. ಸುಮ್ಮನೆ ಬೈದು ಬೇರೆ ಸಾಫ್ಟ್‌ವೇರಿಗೆ ಹೋದರೆ ನಮ್ಮ ಖಾಸಗಿತನವೂ ಉಳಿಯಿತು, ಲೀಕೂ ಉಳಿಯಿತು.

ಹೇಳುವುದೆಂದರೆ ಪ್ರೋಗ್ರಾಮಿಂಗ್ ಬರಬೇಕೆಂದಿಲ್ಲ. ಸಾಫ್ಟ್‌ವೇರ್ ತೆರೆದ ಕೂಡಲೇ ಅದರ ಮೆಮೊರಿ ಎಷ್ಟಿದೆ ಎಂದು ನೋಡಿ ಬರೆದಿಟ್ಟುಕೊಳ್ಳಿ. ವಿಂಡೋಸ್‌ನಲ್ಲಿ ಟಾಸ್ಕ್ ಮ್ಯಾನೇಜರ್ ಸಾಕು. ಲಿನಕ್ಸ್‌ನಲ್ಲಿ 'ಟಾಪ್' ಆದೇಶ ಕೊಟ್ಟಾಗ ಕಾಣುವ 'ರೆಸ್' ಎಂಬ ಕಂಬಸಾಲು ನೋಡಿ. ಪಕ್ಕದ 'ವರ್ಟ್' ಅಂಕಿ ಎಷ್ಟು ದೊಡ್ಡದಿದ್ದರೂ ಹೆದರಬೇಡಿ, ಅದು ಕಾಯ್ದಿರಿಸಿದ ವಿಳಾಸಗಳ ಲೆಕ್ಕ, ತಿಂದದ್ದಲ್ಲ. ಆಮೇಲೆ ಅನುಮಾನವಿರುವ ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿ. ಒಂದೇ ಕಡತ ತೆರೆದು ಮುಚ್ಚುವುದು, ಒಂದೇ ಹಾಡು ಬದಲಿಸುವುದು, ಏನೋ ಒಂದು. ಮೊದಲು ಏರಿ ಆಮೇಲೆ ಒಂದು ಮಟ್ಟದಲ್ಲಿ ನಿಂತರೆ ಅದು ಕೂಡಿಟ್ಟುಕೊಳ್ಳುವಿಕೆ, ಚಿಂತೆಯಿಲ್ಲ. ಮೆಟ್ಟಿಲು ಮೆಟ್ಟಿಲಾಗಿ ಏರುತ್ತಲೇ ಹೋದರೆ ಲೀಕ್ ಇದೆ. ಪ್ಲಗಿನ್‌ಗಳನ್ನೆಲ್ಲ ತೆಗೆದು ಅದೇ ಪರೀಕ್ಷೆ ಮತ್ತೊಮ್ಮೆ ಮಾಡಿ. ಆವೃತ್ತಿ ಯಾವುದು, ಎಲ್ಲಿಂದ ತಂದದ್ದು, ಯಂತ್ರದ ರ‍್ಯಾಮ್ ಎಷ್ಟು, ಯಾವ ಕೆಲಸ ಎಷ್ಟು ಸಲ, ಆಗ ಅಂಕಿ ಎಷ್ಟರಿಂದ ಎಷ್ಟಕ್ಕೆ ಹೋಯಿತು: ಇಷ್ಟನ್ನು ಹತ್ತು ಸಾಲಿನಲ್ಲಿ ಬರೆದು ಕಳಿಸಿದರೆ ಡೆವಲಪರ್ ಅದನ್ನು ತನ್ನ ಯಂತ್ರದಲ್ಲಿ ಮರುಕಳಿಸಬಲ್ಲ. ಮರುಕಳಿಸಿದ ಲೀಕ್ ಅರ್ಧ ಸತ್ತಂತೆ. ಹಲವು ಸಲ ತಿದ್ದುಪಡಿ ಒಂದೆರಡು ಸಾಲಿನದ್ದಷ್ಟೇ ಇರುತ್ತದೆ, ಹುಡುಕಾಟಕ್ಕೆ ವಾರಗಳು ಹಿಡಿದಿರುತ್ತವೆ.

ಅಲ್ಲಿಯ ತನಕ ಕೆಲಸ ನಿಲ್ಲಿಸಬೇಕಿಲ್ಲ. ಕ್ಯಾಸೆಟ್ಟಿನ ಒಂದೊಂದು ಬದಿಗೆ ಒಂದೊಂದು ಪ್ರಾಜೆಕ್ಟ್ ಮಾಡಿ, ನಡುವೆ ಸಾಫ್ಟ್‌ವೇರ್ ಮುಚ್ಚಿ ತೆರೆಯಿರಿ. ಲಿನಕ್ಸ್‌ನಲ್ಲಿ ಇದು ಇನ್ನೂ ಮುಖ್ಯ, ಮೆಮೊರಿ ಪೂರ್ತಿ ಬರಿದಾದರೆ ಆ ವ್ಯವಸ್ಥೆ ಹೆಚ್ಚು ತಿಂದವನನ್ನು ಹುಡುಕಿ ಕೊಂದುಹಾಕುತ್ತದೆ. ಉಳಿಸಲೇ ಬೇಡವೇ ಎಂದು ಕೇಳುವ ಸೌಜನ್ಯ ಅದಕ್ಕಿಲ್ಲ.

ಬೈಗುಳದ ಬಗ್ಗೆ ಒಂದು ಮಾತು. 2022ರಲ್ಲಿ ಎಕ್ಸ್‌ಝಡ್ ಎಂಬ ಸಣ್ಣ ಆದರೆ ಎಲ್ಲೆಲ್ಲೂ ಬಳಕೆಯಲ್ಲಿರುವ ತಂತ್ರಾಂಶವನ್ನು ಒಬ್ಬರೇ ನಡೆಸುತ್ತಿದ್ದ ಫಿನ್ಲೆಂಡಿನ ನಿರ್ವಾಹಕರ ಮೇಲೆ ಕೆಲವು ಅಪರಿಚಿತರು ಮುಗಿಬಿದ್ದರು: ಕೆಲಸ ನಿಧಾನ, ತೇಪೆಗಳನ್ನು ಸೇರಿಸುತ್ತಿಲ್ಲ, ಬೇರೆಯವರಿಗೆ ಬಿಟ್ಟುಕೊಡಿ. ಇದು ಸಂಬಳವಿಲ್ಲದ ಹವ್ಯಾಸದ ಕೆಲಸ ಎಂದು ಅವರು ವಿವರಿಸಿದರೂ ಒತ್ತಡ ನಿಲ್ಲಲಿಲ್ಲ. ಕೊನೆಗೆ ನೆರವಾಗುತ್ತಿದ್ದ ಇನ್ನೊಬ್ಬನಿಗೆ ಅಧಿಕಾರ ಹಂಚಿದರು. ಆ ಇನ್ನೊಬ್ಬ ತಂತ್ರಾಂಶದೊಳಗೆ ಕಳ್ಳಬಾಗಿಲು ಕೂರಿಸಿದ. ಅದು ಬಯಲಾದದ್ದು 2024ರ ಮಾರ್ಚ್ 29ರಂದು. ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿದೆಯಲ್ಲ ಎಂದು, ವ್ಯಾಲ್‌ಗ್ರಿಂಡ್ ತೋರಿಸಿದ ವಿಚಿತ್ರ ದೋಷಗಳ ನೆನಪಿನ ಜಾಡು ಹಿಡಿದು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಅದನ್ನು ಪತ್ತೆಮಾಡಿದರು. ಒತ್ತಡ ಹೇರಿದ ಆ 'ಬಳಕೆದಾರರು' ನಿಜವಾದವರೇ ಅಲ್ಲ, ಸಂಚಿನ ಭಾಗವಾಗಿ ಸೃಷ್ಟಿಸಿದ ಹೆಸರುಗಳು ಎಂಬುದು ಈಗ ಬಹುತೇಕರ ಅಭಿಪ್ರಾಯ. ಬಳಕೆದಾರನ ಸಿಟ್ಟನ್ನು ನಕಲು ಮಾಡುವುದು ಅಷ್ಟು ಸುಲಭವಾಯಿತು, ಯಾಕೆಂದರೆ ಅಸಲಿ ಸಿಟ್ಟೂ ಹೆಚ್ಚಾಗಿ ಅದೇ ದನಿಯಲ್ಲಿರುತ್ತದೆ. ನಕಲು ಮಾಡಲಾಗದ್ದು ಅಳತೆ ಮಾಡಿ ತಂ‍ದ ಅಂಕಿ.

ಹಣದ ಕಡೆ ಸ್ವಲ್ಪ ಬೆಳಕಿದೆ. ಬೆಂಗಳೂರಿನ ಝೆರೋಧಾ ಕಂಪನಿ 2024ರಲ್ಲಿ ಮುಕ್ತ ತಂತ್ರಾಂಶ ಯೋಜನೆಗಳಿಗೆಂದೇ ವರ್ಷಕ್ಕೆ 10 ಲಕ್ಷ ಡಾಲರ್‌ನ ನಿಧಿ ಘೋಷಿಸಿತು, ಜಗತ್ತಿನ ಯಾವ ಮೂಲೆಯ ಯೋಜನೆಯೂ ಅರ್ಜಿ ಹಾಕಬಹುದು. ಒಳ್ಳೆಯದೇ. ಆದರೆ ಹಣ ಬರುವುದು ಹೆಚ್ಚಾಗಿ ದೊಡ್ಡ ಕಂಪನಿಗಳೂ ನೆಚ್ಚಿಕೊಂಡ ತಂತ್ರಾಂಶಗಳಿಗೆ. ಹರಿಕಥೆಯ ಕ್ಯಾಸೆಟ್ ಇಳಿಸುವವನ ಸಾಫ್ಟ್‌ವೇರ್ ಆ ಸಾಲಿನಲ್ಲಿ ಹಿಂದೆ ನಿಲ್ಲುತ್ತದೆ.

ಒಂದು ವಿಷಯದಲ್ಲಿ ಮಾತ್ರ ನಾನು ಪೂರ್ತಿ ಬಳಕೆದಾರರ ಕಡೆ. ಈಚೆಗೆ ಅನೇಕ ಯೋಜನೆಗಳು ದೂರುಗಳ ರಾಶಿ ಕರಗಿಸಲು ಸ್ವಯಂಚಾಲಿತ ಕಾವಲುಗಾರನನ್ನು ಇಟ್ಟುಕೊಂಡಿವೆ. ತಂತ್ರಾಂಶಗಳ ಸಂಕೇತ, ದೂರುಗಳನ್ನು ಇಡುವ ತಾಣವಾದ ಗಿಟ್‌ಹಬ್‌ನಲ್ಲಿ ಸಿಗುವ ಅಂಥದ್ದೊಂದರ ಮೂಲ ಸೆಟ್ಟಿಂಗ್ ಪ್ರಕಾರ 60 ದಿನ ಯಾರೂ ಮಾತಾಡದ ದೂರಿಗೆ 'ಹಳಸಿದ್ದು' ಎಂಬ ಚೀಟಿ ಅಂಟುತ್ತದೆ, ಮತ್ತೆ 7 ದಿನಕ್ಕೆ ದೂರು ಮುಚ್ಚಿಹೋಗುತ್ತದೆ. ಅಳತೆ ಮಾಡಿ, ಹೆಜ್ಜೆ ಹೆಜ್ಜೆಯಾಗಿ ಬರೆದು ಕಳಿಸಿದವನಿಗೆ ಸಿಗುವ ಏಕೈಕ ಉತ್ತರ ಯಂತ್ರದ್ದು. ಯಾರೂ ಮಾತಾಡಲಿಲ್ಲ ಎಂದರೆ ಲೀಕ್ ನಿಂತಿತು ಎಂದಲ್ಲ. ನಿಮ್ಮ ದೂರು ಹಾಗೆ ಮುಚ್ಚಿಹೋಗಿದ್ದರೆ ಹೊಸ ಆವೃತ್ತಿಯಲ್ಲಿ ಅದೇ ಪರೀಕ್ಷೆ ಮತ್ತೆ ಮಾಡಿ, ಹೊಸ ಅಂಕಿಗಳನ್ನು ಕೆಳಗೆ ಸೇರಿಸಿ, ಮತ್ತೆ ತೆರೆಯಿರಿ ಎಂದು ಕೇಳಿ. ಹಾಗೆ ಕೇಳುವುದು ಒರಟುತನವಲ್ಲ.